ಯಾವ ಕಾಲೇಜು? ಮೊದಲು ಮಗುವನ್ನೇ ಕೇಳೋಣ



ಹನ್ನೆರಡನೇ ತರಗತಿಯ ಫಲಿತಾಂಶ ಬರುವ ಹೊತ್ತಿಗೆ ಮುಂಬೈ ಇರಲಿ, ದೆಹಲಿ ಇರಲಿ, ನಮ್ಮ ಕನ್ನಡದ ಮನೆಗಳಲ್ಲಿ ಒಂದೇ ಮಾತು: ಯಾವ ಕಾಲೇಜು, ಯಾವ ಕೋರ್ಸು? ಮನೆಯಲ್ಲಿ ಕಣ್ಣು ಕಾಣದ, ಕಿವಿ ಕೇಳದ ಅಥವಾ ಗಾಲಿಕುರ್ಚಿಯಲ್ಲಿ ಓಡಾಡುವ ಮಗುವಿದ್ದರೆ ಮಾತ್ರ ಪ್ರಶ್ನೆ ಬದಲಾಗುತ್ತದೆ. ಮನೆಗೆ ಹತ್ತಿರ ಯಾವುದಿದೆ, ಸುಲಭದ್ದು ಯಾವುದು, ಮನೆಯಲ್ಲೇ ಕೂತು ಓದಿದರೆ ಸಾಲದೇ ಎಂದು ಕೇಳುತ್ತೇವೆ. ಪ್ರೀತಿಯಿಂದಲೇ ಕೇಳುತ್ತೇವೆ, ನಿಜ. ಆದರೆ ಆ ಗಡಿಬಿಡಿಯಲ್ಲಿ "ನಿನಗೇನು ಓದಬೇಕು ಅಂತಿದೆ?" ಎಂದು ಮಗುವನ್ನು ಕೇಳುವುದೇ ಉಳಿದುಬಿಡುತ್ತದೆ.

ಈ ಪ್ರಶ್ನೆಯನ್ನು ಎಂಟನೇ, ಒಂಬತ್ತನೇ ತರಗತಿಯಲ್ಲೇ ಕೇಳಿ. ಕಾರಣವಿದೆ. ಕೆಲವು ಬೋರ್ಡುಗಳು ಅಂಗವೈಕಲ್ಯವಿರುವ ಮಕ್ಕಳಿಗೆ ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳುವ ರಿಯಾಯಿತಿ ಕೊಡುತ್ತವೆ. ಆ ಹೊತ್ತಿಗೆ ಅದು ಅನುಕೂಲವೇ. ಆದರೆ ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ನಂಥ ಕೋರ್ಸುಗಳಿಗೆ ಹನ್ನೆರಡನೇ ತರಗತಿಯಲ್ಲಿ ಗಣಿತ ಬೇಕೇ ಬೇಕು. ಮುಂದೆ ಯಾವ ದಾರಿ ಮುಚ್ಚುತ್ತದೆ ಎಂದು ನೋಡಿಕೊಂಡೇ ರಿಯಾಯಿತಿ ಪಡೆಯಿರಿ.

ಇನ್ನು ಕಾನೂನಿನ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ಹಾಗೂ ಸರ್ಕಾರದ ಅನುದಾನ ಪಡೆಯುವ ಕಾಲೇಜುಗಳು ಕನಿಷ್ಠ ಶೇ. 5ರಷ್ಟು ಸೀಟುಗಳನ್ನು ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವವರಿಗೆ ಮೀಸಲಿಡಬೇಕು. 1995ರ ಕಾಯ್ದೆಯಲ್ಲಿ ಇದು ಶೇ. 3 ಇತ್ತು. ಪ್ರವೇಶದ ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆಯೂ ಇದೆ. ಹಿಂದೆ 7 ಬಗೆಯ ವೈಕಲ್ಯಗಳಿಗೆ ಮಾತ್ರ ಮಾನ್ಯತೆ ಇತ್ತು, ಈಗ 21. ಆಟಿಸಂ, ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಗಳೂ ಇದರಲ್ಲಿ ಸೇರಿವೆ.

ಊರು ಬಿಟ್ಟು ಬಂದ ನಮಗೆ ಮುಖ್ಯವಾದ ಇನ್ನೊಂದು ಅಂಶ: ವೈಕಲ್ಯದ ಪ್ರಮಾಣಪತ್ರ ದೇಶದಾದ್ಯಂತ ಸಲ್ಲುತ್ತದೆ ಎಂದು ಇದೇ ಕಾಯ್ದೆ ಹೇಳುತ್ತದೆ. ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಮಾಡಿಸಿದ ಪತ್ರವನ್ನು ಪುಣೆಯಲ್ಲಿ ತೋರಿಸಬಹುದು. ಯುಡಿಐಡಿ ಕಾರ್ಡ್ ಇನ್ನೂ ಇಲ್ಲದಿದ್ದರೆ ಪ್ರವೇಶದ ಕಾಲಕ್ಕೆ ಕಾಯದೆ ಈಗಲೇ ಅರ್ಜಿ ಹಾಕಿ. ರಾಜ್ಯದ ಕೋಟಾಕ್ಕೆ ವಾಸ್ತವ್ಯದ ನಿಯಮ ಬೇರೆ ಇರುತ್ತದೆ, ಅದನ್ನೂ ಓದಿಕೊಳ್ಳಿ. ವೈದ್ಯಕೀಯ ಸೀಟಿಗೆ ಮಾತ್ರ ನಿಗದಿತ ಕೇಂದ್ರಗಳಲ್ಲಿ ಪ್ರತ್ಯೇಕ ತಪಾಸಣೆ ಆಗಬೇಕು. ಶೇಕಡಾವಾರು ಅಂಕಿಯನ್ನಷ್ಟೇ ನೋಡಿ ಬಾಗಿಲು ಮುಚ್ಚುವಂತಿಲ್ಲ, ವಿದ್ಯಾರ್ಥಿ ಕೋರ್ಸು ಮುಗಿಸಬಲ್ಲನೇ ಎಂದು ನೋಡಬೇಕು ಎಂಬುದು 2024ರ ಅಕ್ಟೋಬರ್‌ನಲ್ಲಿ ಓಂಕಾರ್ ಗೋಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು.

ಪ್ರವೇಶ ಪರೀಕ್ಷೆಗೆ ಬರಹಗಾರರ ನೆರವು ಅಥವಾ ಹೆಚ್ಚುವರಿ ಸಮಯ ಬೇಕಿದ್ದರೆ ಅರ್ಜಿ ತುಂಬುವಾಗಲೇ ನಮೂದಿಸಬೇಕು. ಪರೀಕ್ಷೆಯ ಹಿಂದಿನ ದಿನ ಹೋಗಿ ಕೇಳಿದರೆ ಕೆಲಸ ಕೆಡುತ್ತದೆ. ವೈಕಲ್ಯ ಶೇ. 40ಕ್ಕಿಂತ ಕಡಿಮೆ ಇದೆಯೆಂಬ ಒಂದೇ ಕಾರಣಕ್ಕೆ ಬರಹಗಾರರನ್ನು ನಿರಾಕರಿಸುವಂತಿಲ್ಲ ಎಂದು 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸೀಟು ಸಿಗುವಂತಿದ್ದರೆ, ಶುಲ್ಕ ಕಟ್ಟುವ ಮೊದಲು ಮಗುವನ್ನು ಕರೆದುಕೊಂಡು ಒಮ್ಮೆ ಆ ಕಾಲೇಜಿಗೆ ಹೋಗಿಬನ್ನಿ. ರಜೆಯ ದಿನ ಬೇಡ, ತರಗತಿ ನಡೆಯುವ ದಿನ ಹೋಗಿ. ಸ್ಟೇಷನ್ನಿನಿಂದ ಗೇಟಿನವರೆಗೆ ಒಬ್ಬರೇ ಹೋಗಲು ಸಾಧ್ಯವೇ? ಲಿಫ್ಟ್ ಇದ್ದರೆ ನಡೆಯುತ್ತಿದೆಯೇ, ಬೀಗ ಹಾಕಿದ್ದಾರೆಯೇ? ಗಾಲಿಕುರ್ಚಿ ಹೋಗುವ ಶೌಚಾಲಯ ಯಾವ ಮಹಡಿಯಲ್ಲಿದೆ? ತರಗತಿ ಮೂರನೇ ಮಹಡಿಯಲ್ಲಿದ್ದರೆ ಕೆಳಗೆ ತರುತ್ತಾರೆಯೇ? ಲೈಬ್ರರಿಯ ಕಂಪ್ಯೂಟರಿನಲ್ಲಿ ಪರದೆ ಓದುವ ತಂತ್ರಾಂಶವಿದೆಯೇ? ಕಿವಿ ಕೇಳದವರಿಗೆ ಪಾಠದ ಟಿಪ್ಪಣಿ ಬರಹದಲ್ಲಿ ಸಿಗುತ್ತದೆಯೇ? ಅಲ್ಲೇ ಓದುತ್ತಿರುವ ಅಂಥದೇ ವಿದ್ಯಾರ್ಥಿಯೊಬ್ಬರನ್ನು ಮಾತಾಡಿಸಿ. ಪ್ರಾಸ್ಪೆಕ್ಟಸ್ ಹೇಳದ್ದನ್ನೆಲ್ಲ ಅವರು ಹತ್ತು ನಿಮಿಷದಲ್ಲಿ ಹೇಳುತ್ತಾರೆ. ಮಾತಾಡುವ ಸರದಿ ನಿಮ್ಮ ಮಗುವಿನದಾಗಲಿ, ನೀವು ಪಕ್ಕದಲ್ಲಿರಿ.

ವ್ಯವಸ್ಥೆ ಮಾಡಬೇಕೆಂದರೆ ಮಾಡಬಹುದು ಎಂಬುದಕ್ಕೆ ಮುಂಬೈಯಲ್ಲೇ ಉದಾಹರಣೆಯಿದೆ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 2003ರಲ್ಲಿ ದೃಷ್ಟಿಹೀನರಿಗಾಗಿ ಸಂಪನ್ಮೂಲ ಕೇಂದ್ರ ಆರಂಭವಾಯಿತು. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವಿದೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕಂಪ್ಯೂಟರಿನ ಪರದೆಯನ್ನು ಕನ್ನಡದಲ್ಲೂ ಓದಿ ಹೇಳುತ್ತದೆ.

"ನಮ್ಮಲ್ಲಿ ಇದೆಲ್ಲ ಆಗುವುದಿಲ್ಲ" ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಸುಮ್ಮನೆ ಹಿಂದಿರುಗಬೇಡಿ. ಅರ್ಜಿ ಬರೆದು ಕೊಡಿ, ಉತ್ತರವನ್ನು ಬರಹದಲ್ಲೇ ಕೇಳಿ. ಅಲ್ಲೂ ಆಗದಿದ್ದರೆ ನಿಮ್ಮ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. ಮೀಸಲಾತಿಗೆ ಒಳಪಡದ ಖಾಸಗಿ ಕಾಲೇಜಾದರೂ ಅದಕ್ಕೆ ಸರ್ಕಾರದ ಮಾನ್ಯತೆ ಇದ್ದರೆ, ತಾರತಮ್ಯವಿಲ್ಲದೆ ಸೇರಿಸಿಕೊಂಡು ಅಗತ್ಯ ಅನುಕೂಲ ಒದಗಿಸುವಂತೆ ಕಾಯ್ದೆ ಹೇಳುತ್ತದೆ.

ಕಾಲೇಜು ಎಂದರೆ ಪದವಿಯ ಕಾಗದವಷ್ಟೇ ಅಲ್ಲ. ಕ್ಯಾಂಟೀನಿನ ಚಹಾ, ಗೆಳೆಯರ ಜಗಳ, ಲೋಕಲ್ ಟ್ರೇನಿನ ನೂಕುನುಗ್ಗಲು ಎಲ್ಲವೂ ಅದರಲ್ಲಿ ಸೇರಿವೆ. ನಮ್ಮ ಇತರ ಮಕ್ಕಳಿಗೆ ಅದನ್ನೆಲ್ಲ ಧಾರಾಳವಾಗಿ ಬಿಟ್ಟುಕೊಟ್ಟಿದ್ದೇವೆ. ಈ ಮಗುವಿಗೂ ಅದು ಸಿಗಲಿ. ಇಂದು ಊಟಕ್ಕೆ ಕೂತಾಗ ಒಮ್ಮೆ ಕೇಳಿ ನೋಡಿ, ಏನು ಓದಬೇಕೆಂದಿದೆ ಅಂತ.