ಹಳೆಯ ಕಿಟಕಿ: ಕೀಳಬೇಕೆ, ಉಳಿಸಬೇಕೆ?



ಬೆಂಗಳೂರಿನ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಇರುವ ಒಂದು ಹಳೆಯ ಮನೆಯನ್ನು ಊಹಿಸಿಕೊಳ್ಳಿ. ಮುಂದೆ ಪುಟ್ಟ ಜಗುಲಿ, ಮೇಲೆ ಮಂಗಳೂರು ಹೆಂಚು, ರಸ್ತೆಗೆ ಮುಖ ಮಾಡಿದ ಎರಡು ದೊಡ್ಡ ಕಿಟಕಿಗಳು. ತೇಗದ ಚೌಕಟ್ಟು, ಅದರೊಳಗೆ ಕಬ್ಬಿಣದ ಸರಳುಗಳು, ಮೇಲೊಂದು ಜೊತೆ ಕೆಳಗೊಂದು ಜೊತೆ ಕದಗಳು. ಮಳೆಗಾಲದಲ್ಲಿ ಕದ ಉಬ್ಬಿ ಮುಚ್ಚಲು ಬರುವುದಿಲ್ಲ. ಬೇಸಗೆಯಲ್ಲಿ ಒಣಗಿ ಸಂದು ಬಿಡುತ್ತದೆ. ಒಂದು ಗಾಜು ಒಡೆದು ಅದರ ಜಾಗದಲ್ಲಿ ರಟ್ಟು ಕುಳಿತಿದೆ. ಹೊರಗೆ ಬಸ್ಸು, ಆಟೋಗಳ ಗಲಾಟೆ ನಡುರಾತ್ರಿಯವರೆಗೂ ನಿಲ್ಲುವುದಿಲ್ಲ.

"ಅಮ್ಮ, ಇವನ್ನೆಲ್ಲ ಕಿತ್ತು ಹೊಸ ಯುಪಿವಿಸಿ ಕಿಟಕಿ ಹಾಕಿಸಿಬಿಡೋಣ, ತಲೆನೋವೇ ಇರಲ್ಲ" ಎನ್ನುತ್ತಾನೆ ಮಗ. "ನಿಮ್ಮ ತಾತ ನಿಂತು ಮಾಡಿಸಿದ್ದು ಕಣೋ. ಇಂಥ ಮರ ಈಗ ಎಲ್ಲಿ ಸಿಗುತ್ತೆ?" ಎನ್ನುತ್ತಾರೆ ತಾಯಿ. "ಅದು ಸರಿ ಅತ್ತೆ, ಆದರೆ ರಾತ್ರಿ ಮಗು ನಿದ್ದೆ ಮಾಡಬೇಕಲ್ಲ, ಆ ಧೂಳಿಗೆ ಕೆಮ್ಮು ಬೇರೆ" ಎನ್ನುತ್ತಾಳೆ ಸೊಸೆ.

ಇದು ಒಂದೇ ಮನೆಯ ಮಾತಲ್ಲ. ಹಳೆಯ ಬಡಾವಣೆಗಳಲ್ಲಿ ಉಳಿದಿರುವ ಎಷ್ಟೋ ಮನೆಗಳಲ್ಲಿ ಈ ಚರ್ಚೆ ನಡೆಯುತ್ತಿದೆ. ಮೂವರ ಮಾತಿನಲ್ಲೂ ಸತ್ಯವಿದೆ. ಹಾಗಾದರೆ ತೀರ್ಮಾನ ಹೇಗೆ? ಅದಕ್ಕೆ ಮೊದಲು ಈ ಕಿಟಕಿ ಗೋಡೆಗೆ ಬಂದದ್ದು ಏಕೆ, ಅದು ಅಲ್ಲಿ ಏನೇನು ಕೆಲಸ ಮಾಡುತ್ತಿದೆ ಎಂಬುದನ್ನು ತಿಳಿಯಬೇಕು.

ಕನ್ನಡದಲ್ಲಿ ಕಿಟಕಿಗೆ ಹಲವು ಹೆಸರುಗಳಿವೆ. ಕಿಂಡಿ ಎಂದರೆ ಸಣ್ಣ ತೂತು. ಉಡುಪಿಯ ಕನಕನ ಕಿಂಡಿ ಎಲ್ಲರಿಗೂ ಗೊತ್ತು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಚಾವಣಿಯಿಂದ ಬೆಳಕು ಇಳಿಸುವುದು ಬೆಳಕಿಂಡಿ. ಸಂಸ್ಕೃತದಿಂದ ಬಂದ ಗವಾಕ್ಷ ಎಂಬ ಪದಕ್ಕೆ ಹಸುವಿನ ಕಣ್ಣು ಎಂದು ಅರ್ಥ. ದೇವಾಲಯಗಳ ಕಲ್ಲಿನ ಜಾಲರಿ ಕಿಟಕಿಗೆ ಜಾಲಂಧ್ರ ಎನ್ನುತ್ತಾರೆ. ಒಂದೊಂದು ಹೆಸರೂ ಒಂದೊಂದು ಕೆಲಸವನ್ನು ಹೇಳುತ್ತದೆ: ನೋಡುವುದು, ಬೆಳಕು ತರುವುದು, ಗಾಳಿಯನ್ನು ಬಿಟ್ಟು ಮನುಷ್ಯನನ್ನು ತಡೆಯುವುದು.

ಕಿಟಕಿಯನ್ನು ಬದಲಾಯಿಸುವುದೂ ಹೊಸದಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠಾಪನೆಯಾದಾಗ ಅದರ ನವರಂಗ ತೆರೆದ ಮಂಟಪವಾಗಿತ್ತು. ಇಂದು ಪ್ರವಾಸಿಗರು ನಿಂತು ನೋಡುವ ಜಾಲಂಧ್ರಗಳನ್ನು ಆ ಕಂಬಗಳ ನಡುವೆ ಕೂಡಿಸಿದ್ದು ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ದೇವಾಲಯಕ್ಕೆ ಭದ್ರತೆ ಬೇಕಾಗಿತ್ತು. ಆದರೆ ಕಟ್ಟಿದವರು ಬರೀ ಗೋಡೆ ಎಬ್ಬಿಸಲಿಲ್ಲ. ಬೆಳಕು, ಗಾಳಿ ಎರಡೂ ಒಳಗೆ ಬರುವಂತೆ ಕಲ್ಲನ್ನು ಕೊರೆದು ಕೂಡಿಸಿದರು. ಹೊಸ ಅಗತ್ಯ ಬಂದಾಗ ಹಳೆಯ ಅನುಕೂಲವನ್ನು ಕಳೆದುಕೊಳ್ಳದೆ ಬದಲಾಯಿಸುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಇನ್ನು ಮನೆಯ ವಿಷಯಕ್ಕೆ ಬರೋಣ. ಹಳೆಯ ಮೈಸೂರು ಸೀಮೆಯ ತೊಟ್ಟಿ ಮನೆಗಳಲ್ಲಿ ಬೀದಿಯ ಕಡೆ ದೊಡ್ಡ ಕಿಟಕಿ ಇರುತ್ತಿರಲಿಲ್ಲ. ಮನೆಯ ನಡುವಿನ ತೊಟ್ಟಿಯೇ ಬೆಳಕು, ಗಾಳಿ, ಮಳೆಗಳಿಗೆ ದಾರಿ. ಹೊರಗೋಡೆಯಲ್ಲಿ ಗೇಣುದ್ದದ ಕಿಂಡಿಗಳಿದ್ದರೆ ಸಾಕಾಗಿತ್ತು. ಬೆಂಗಳೂರಿನ ಮನೆಗಳು ಹೊರಮುಖವಾಗಿ ಕಣ್ಣು ತೆರೆದದ್ದಕ್ಕೆ ಬಂಗಲೆಗಳ ಅನುಕರಣೆ ಒಂದು ಕಾರಣ, ಪ್ಲೇಗು ಇನ್ನೊಂದು.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಜನ ಸಾಯತೊಡಗಿದರು. ಕತ್ತಲೆ, ತೇವ, ಕೆಟ್ಟ ಗಾಳಿ ರೋಗಕ್ಕೆ ಆಸ್ಪದ ಕೊಡುತ್ತವೆ ಎಂದು ಅಂದಿನ ಆಡಳಿತ ಬಲವಾಗಿ ನಂಬಿತ್ತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತುಂಬಿಕೊಂಡದ್ದು ಆ ಪಿಡುಗಿನ ನಂತರವೇ. ಅಗಲವಾದ ರಸ್ತೆ, ಮನೆಯ ಸುತ್ತ ಖಾಲಿ ಜಾಗ, ಹಿಂದೆ ಕಸ ಸಾಗಿಸಲು ಓಣಿ, ಕೋಣೆಕೋಣೆಗೂ ಕಿಟಕಿ. ದಂಡು ಪ್ರದೇಶದಲ್ಲಿ ಎದ್ದ ಫ್ರೇಜರ್ ಟೌನ್, ಅಂದರೆ ಇಂದಿನ ಪುಲಕೇಶಿನಗರ, ಪ್ಲೇಗು ತಡೆಯುವ ಬಡಾವಣೆ ಎಂದೇ ಯೋಜನೆಗೊಂಡಿತ್ತು. ಅದರ ಬಗ್ಗೆ ಜೆ. ಎಚ್. ಸ್ಟೀಫನ್ಸ್ ಎಂಬವರು 1914ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು.

ವಿಚಿತ್ರವೆಂದರೆ, ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂಬುದನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ಪ್ರಯೋಗ ಮಾಡಿ ಕಂಡುಕೊಂಡದ್ದೂ ಅದೇ 1898ರಲ್ಲಿ. ಅದನ್ನು ವೈದ್ಯಲೋಕ ಒಪ್ಪಲು ಮತ್ತಷ್ಟು ವರ್ಷಗಳು ಹಿಡಿದವು. ಕೆಟ್ಟ ಗಾಳಿಯಿಂದ ಪ್ಲೇಗು ಬರುತ್ತದೆ ಎಂಬ ನಂಬಿಕೆ ತಪ್ಪಾಗಿತ್ತು. ಆದರೆ ಆ ನಂಬಿಕೆಯಿಂದ ಬಂದ ಕಿಟಕಿ ವ್ಯರ್ಥವಾಗಲಿಲ್ಲ. ಗಾಳಿ ಆಡದ ಕೋಣೆಯಲ್ಲಿ ಕ್ಷಯದಂಥ ರೋಗಗಳು ಸುಲಭವಾಗಿ ಹರಡುತ್ತವೆ. 2020ರಲ್ಲಿ ಕೋವಿಡ್ ಬಂದಾಗ ವೈದ್ಯರು ಮತ್ತೆ ಹೇಳಿದ್ದು ಅದನ್ನೇ: ಕಿಟಕಿ ತೆಗೆದಿಡಿ.

ಈಗ ಆ ಕಿಟಕಿಯ ಎದುರು ನಿಂತು ಒಂದೊಂದೇ ಭಾಗವನ್ನು ನೋಡಿ. ಮೇಲಿನ ಕದಗಳು ತೆರೆದಿದ್ದು ಕೆಳಗಿನವು ಮುಚ್ಚಿದ್ದರೆ ಬೆಳಕು ಒಳಗೆ ಬರುತ್ತದೆ, ಬೀದಿಯವರ ಕಣ್ಣು ಬರುವುದಿಲ್ಲ. ಸರಳುಗಳಿರುವುದರಿಂದ ರಾತ್ರಿಯೂ ಕದ ತೆರೆದಿಡಬಹುದು. ಚಾವಣಿಯ ಹತ್ತಿರ ಒಂದು ವೆಂಟಿಲೇಟರ್ ಇದ್ದರೆ ಬಿಸಿಯಾಗಿ ಮೇಲೇರಿದ ಗಾಳಿ ಅಲ್ಲಿಂದ ಹೊರಟುಹೋಗುತ್ತದೆ, ಕೆಳಗಿನ ಕಿಟಕಿಯಿಂದ ತಂಪು ಗಾಳಿ ಒಳಬರುತ್ತದೆ. ಕೆಲವು ಮನೆಗಳಲ್ಲಿ ಕಿಟಕಿಯ ಮೇಲೆ ಮರದ ಪಟ್ಟಿಗಳನ್ನು ಜೋಡಿಸಿ ಮಾಡಿದ ಚೂಪುತಲೆಯ ಮುಸುಕು ಇರುತ್ತದೆ. ಅದಕ್ಕೆ ಬೆಂಗಳೂರಿನವರು ಮಂಕಿ ಟಾಪ್ ಎನ್ನುತ್ತಾರೆ. ಅಂದಕ್ಕೆ ಮಾತ್ರವಲ್ಲ, ಬಿಸಿಲು ಗಾಜಿಗೆ ಬೀಳುವ ಮೊದಲೇ ತಡೆಯುವುದಕ್ಕೂ, ಮಳೆಯ ಎರಚಲು ಒಳಗೆ ಬಾರದಿರುವುದಕ್ಕೂ ಅದು ಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರಿಗೆ ಇಷ್ಟು ವ್ಯವಸ್ಥೆ ಇದ್ದರೆ ವರ್ಷದ ಬಹುಪಾಲು ಬೇರೆ ಯಂತ್ರದ ಅಗತ್ಯ ಬೀಳುತ್ತಿರಲಿಲ್ಲ.

ಇದರ ಜಾಗಕ್ಕೆ ಬರುವ ಹೊಸ ಕಿಟಕಿಗೂ ಅದರದೇ ಗುಣಗಳಿವೆ. ಯುಪಿವಿಸಿಗೆ ಗೆದ್ದಲು ಹಿಡಿಯುವುದಿಲ್ಲ, ಅದು ಮಳೆಗೆ ಉಬ್ಬುವುದಿಲ್ಲ, ಅದಕ್ಕೆ ಬಣ್ಣ ಬಳಿಯುವ ಖರ್ಚಿಲ್ಲ. ಅಂಚಿನಲ್ಲಿ ರಬ್ಬರ್ ಪಟ್ಟಿ ಇರುವುದರಿಂದ ಸದ್ದು, ಧೂಳು ಎರಡೂ ಕಡಿಮೆಯಾಗುತ್ತವೆ. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸದ್ದು ಕಡಿಮೆಯಾಗುವುದು ಕಿಟಕಿ ಮುಚ್ಚಿದ್ದಾಗ ಮಾತ್ರ. ಮುಚ್ಚಿದರೆ ಗಾಳಿಯೂ ನಿಲ್ಲುತ್ತದೆ.

ಇನ್ನೊಂದು ಲೆಕ್ಕವನ್ನು ಕೊಳ್ಳುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ನಾಲ್ಕು ಅಡಿ ಅಗಲ, ಐದು ಅಡಿ ಎತ್ತರದ ಕಿಟಕಿ ಎಂದರೆ 20 ಚದರ ಅಡಿ. ಕದವನ್ನು ಹೊರಕ್ಕೆ ತೆರೆಯುವ ಹಳೆಯ ಕಿಟಕಿಯಲ್ಲಿ ಚೌಕಟ್ಟು, ಸರಳುಗಳನ್ನು ಬಿಟ್ಟರೆ ಉಳಿದದ್ದೆಲ್ಲ ಗಾಳಿಗೆ ದಾರಿ. ಅದೇ ಜಾಗಕ್ಕೆ ಎರಡು ಗಾಜಿನ ಬಾಗಿಲು ಪಕ್ಕಕ್ಕೆ ಜಾರುವ ಸ್ಲೈಡಿಂಗ್ ಕಿಟಕಿ ಹಾಕಿದರೆ ಒಂದು ಬಾಗಿಲು ಇನ್ನೊಂದರ ಹಿಂದೆ ನಿಲ್ಲುತ್ತದೆ. ತೆರೆಯುವುದು ಹೆಚ್ಚೆಂದರೆ ಅರ್ಧ, 10 ಚದರ ಅಡಿ. ಮನೆಯವರು ಕಿಟಕಿ ಬದಲಾಯಿಸಿದೆವು ಎಂದುಕೊಳ್ಳುತ್ತಾರೆ. ಅರ್ಧ ಕಿಟಕಿಯನ್ನು ಮುಚ್ಚಿಸಿಕೊಂಡಿರುತ್ತಾರೆ. ಬೇಸಗೆಯಲ್ಲಿ ಕೋಣೆ ಏಕೆ ಬೇಯುತ್ತಿದೆ ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ಹಾಗಾಗಿ ಹೊಸದನ್ನೇ ಹಾಕಿಸುವವರು ಪೂರ್ತಿ ತೆರೆಯುವ ಕದವನ್ನು ಕೇಳಿ ಹಾಕಿಸುವುದು ಲೇಸು.

ಅದಿರಲಿ, ಹಳೆಯದನ್ನು ಸರಿಪಡಿಸಲು ಬರುತ್ತದೆಯೇ? ಬಹುಮಟ್ಟಿಗೆ ಬರುತ್ತದೆ. ಹಳೆಯ ಬಡಗಿಗಳು ಚೌಕಟ್ಟನ್ನೂ ಕದವನ್ನೂ ಗೂಡು ಕೊರೆದು, ನಾಲಿಗೆ ಸೇರಿಸಿ, ಮರದ ಗೂಟ ಹೊಡೆದು ಕೂಡಿಸುತ್ತಿದ್ದರು. ಕೂಡಿಸಿದ್ದನ್ನು ಬಿಚ್ಚಬಹುದು. ಕೆಳಗಿನ ಪಟ್ಟಿ ಕೊಳೆತಿದ್ದರೆ ಅದೊಂದನ್ನೇ ತೆಗೆದು ಹೊಸದನ್ನು ಕೂಡಿಸಬಹುದು. ಇಂದಿನ ಯುಪಿವಿಸಿ ಚೌಕಟ್ಟಿನ ಮೂಲೆಗಳನ್ನು ಕಾಯಿಸಿ ಬೆಸೆದಿರುತ್ತಾರೆ; ಒಂದು ಬದಿ ಹಾಳಾದರೆ ಅದೊಂದನ್ನೇ ಬಿಚ್ಚುವಂತಿಲ್ಲ.

ಕದ ಮುಚ್ಚದಿದ್ದರೆ ದೋಷ ಯಾವಾಗಲೂ ಮರದ್ದಲ್ಲ. ಬಿಜಾಗರಿಯ ತಿರುಪು ಸಡಿಲಾಗಿ ಕದ ಜೋತುಬಿದ್ದಿರಬಹುದು. ಐವತ್ತು ವರ್ಷಗಳಿಂದ ಒಂದರ ಮೇಲೊಂದು ಬಳಿದ ಬಣ್ಣವೇ ಅಂಚಿನಲ್ಲಿ ದಪ್ಪಗಟ್ಟಿರಬಹುದು. ಮಳೆಗಾಲದಲ್ಲಿ ಉಬ್ಬಿದ ಕದವನ್ನು ಆಗಲೇ ಕೀಸಿದರೆ ಬೇಸಗೆಯಲ್ಲಿ ಅದು ಕುಗ್ಗಿ ಸಂದು ದೊಡ್ಡದಾಗುತ್ತದೆ. ಮರ ಒಣಗಿದ ಮೇಲೆ ಅಳತೆ ನೋಡಿ ಕೀಸುವುದು ಸರಿ. ಅಲುಗಾಡುವ ಗಾಜಿಗೆ ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ ಕಲಸಿದ ಪುಟ್ಟಿ ಸಾಕು.

ಆದರೆ ಒಂದು ಎಚ್ಚರಿಕೆ ಅಗತ್ಯ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿದೆ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣ ಉಪ್ಪುಕಾಗದದಿಂದ ಉಜ್ಜಿದರೆ ಏಳುವ ಧೂಳು ಮಕ್ಕಳ ಮಿದುಳಿಗೆ ಹಾನಿಕರ. ಒದ್ದೆ ಮಾಡಿ ಉಜ್ಜಬೇಕು, ಕೆಲಸಗಾರರು ಮೂಗಿಗೆ ಮುಸುಕು ಹಾಕಬೇಕು, ಕೆಲಸ ಮುಗಿದು ನೆಲ ಒರೆಸುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಕೋಣೆಯಿಂದ ದೂರ ಇಡಬೇಕು.

ತಾಯಿ ಹೇಳಿದ ಮರದ ಮಾತಿನಲ್ಲೂ ಹುರುಳಿದೆ. ತೇಗದ ತಿರುಳಿನಲ್ಲಿ ಗೆದ್ದಲನ್ನು ತಡೆಯುವ ಎಣ್ಣೆಯಂಶವಿದೆ; ತೊಗಟೆಯ ಒತ್ತಿಗಿರುವ ಬಿಳಿ ಮರಕ್ಕೆ ಆ ಶಕ್ತಿ ಇಲ್ಲ. ಹಳೆಯ ದೊಡ್ಡ ಮರಗಳಲ್ಲಿ ತಿರುಳು ಹೆಚ್ಚು. ಬೇಗ ಕಡಿಯುವ ತೋಪಿನ ಎಳೆಯ ಮರದಲ್ಲಿ ಬಿಳಿ ಭಾಗ ಹೆಚ್ಚು. ಕಿತ್ತ ಕಿಟಕಿಯನ್ನು ಹಳೆಯ ಮರದ ವ್ಯಾಪಾರಿ ಬಂದು ಖುಷಿಯಿಂದ ಹೊತ್ತೊಯ್ಯುತ್ತಾನೆ. ಅದರ ಬೆಲೆ ಅವನಿಗೆ ಗೊತ್ತು.

ಹಾಗೆಂದು ಹಳೆಯದೆಲ್ಲ ತೇಗವಲ್ಲ. ಕಾಡುಮರದ ಚೌಕಟ್ಟು ಒಳಗೊಳಗೇ ಗೆದ್ದಲು ತಿಂದು ಟೊಳ್ಳಾಗಿದ್ದರೆ ಅದನ್ನು ಪೂಜಿಸಿ ಪ್ರಯೋಜನವಿಲ್ಲ. ಒಂದು ಸ್ಕ್ರೂಡ್ರೈವರಿನ ತುದಿಯಿಂದ ಚೌಕಟ್ಟಿನ ಬುಡವನ್ನೂ ಗೋಡೆಗೆ ತಾಗಿದ ಅಂಚನ್ನೂ ಚುಚ್ಚಿ ನೋಡಿ. ಮರ ತಡೆದರೆ ಸರಿಪಡಿಸಿ. ತುದಿ ಸಲೀಸಾಗಿ ಒಳಹೊಕ್ಕು ಪುಡಿ ಉದುರಿದರೆ ಬದಲಾಯಿಸಿ. ಸರಳು ತುಕ್ಕು ತಿಂದು ಬುಡದಲ್ಲಿ ಸಣ್ಣಗಾಗಿದ್ದರೆ ಕಾಯುವುದು ಅಪಾಯ.

ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಎಲ್ಲ ಕಿಟಕಿಗಳಿಗೂ ಒಂದೇ ಉತ್ತರ ಬೇಕಿಲ್ಲ. ಮಾರುವವರು ಮನೆಯ ಅಷ್ಟೂ ಕಿಟಕಿಗೆ ಒಟ್ಟಿಗೆ ದರ ಹೇಳುತ್ತಾರೆ. ಉಳಿಸಬೇಕೆನ್ನುವವರು ಅಷ್ಟನ್ನೂ ಉಳಿಸಬೇಕೆನ್ನುತ್ತಾರೆ. ಕಿಟಕಿಗಳು ಮಾತ್ರ ಬೇರೆ ಬೇರೆ ಗೋಡೆಯಲ್ಲಿ, ಬೇರೆ ಬೇರೆ ಬಿಸಿಲಿಗೆ, ಬೇರೆ ಬೇರೆ ಸದ್ದಿಗೆ ಮುಖ ಮಾಡಿ ನಿಂತಿರುತ್ತವೆ.

ಮತ್ತೆ ಆ ಮನೆಗೇ ಹೋಗೋಣ. ಮಗ, ತಾಯಿ, ಸೊಸೆ ಒಬ್ಬ ಅನುಭವಿ ಆಚಾರಿಯನ್ನು ಕರೆಸಿ, ಕಾಗದ ಹಿಡಿದು ಕೋಣೆಯಿಂದ ಕೋಣೆಗೆ ನಡೆದರೆನ್ನಿ. ಅಡಿಗೆಮನೆಯ ಕಿಟಕಿ ಚುಚ್ಚಿದರೆ ಟೊಳ್ಳು, ಅದು ಹೋಗಲೇಬೇಕು. ಹಿತ್ತಲ ಕಡೆಯ ಎರಡು ಕಿಟಕಿಗಳಿಗೆ ಬಿಜಾಗರಿ, ಗಾಜು, ಸೊಳ್ಳೆಪರದೆಯ ಒಂದು ಕದ ಸೇರಿಸಿದರೆ ಸಾಕು. ಉಳಿದದ್ದು ಮಗು ಮಲಗುವ, ರಸ್ತೆ ಬದಿಯ ಕೋಣೆ. ಅಲ್ಲಿ ತೇಗದ ಕಿಟಕಿಯನ್ನು ಹಾಗೆಯೇ ಬಿಟ್ಟು, ಗೋಡೆಯ ದಪ್ಪದೊಳಗೆ, ಸರಳುಗಳ ಈಚೆಗೆ ರಬ್ಬರ್ ಪಟ್ಟಿಯ ಇನ್ನೊಂದು ಗಾಜಿನ ಕದ ಕೂಡಿಸಲು ಬರುತ್ತದೆ. ರಸ್ತೆ ಗಿಜಿಗುಡುವಾಗ ಅದನ್ನು ಮುಚ್ಚಬಹುದು, ಸದ್ದಡಗಿದ ಮೇಲೆ ಎರಡನ್ನೂ ತೆರೆಯಬಹುದು. ಬೇಲೂರಿನಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇಂಥದ್ದನ್ನೇ: ಇದ್ದದ್ದನ್ನು ಕೆಡವಲಿಲ್ಲ, ಬೇಕಾದದ್ದನ್ನು ಸೇರಿಸಿದರು.

ಆಗ ಮಗುವಿಗೆ ನಿದ್ದೆಯೂ ಉಂಟು, ಬೆಳಗ್ಗೆ ಎದ್ದು ಮೇಲಿನ ಕದ ತೆರೆದು ಸೊಪ್ಪಿನವಳನ್ನು ಕೂಗುವ ಅಜ್ಜಿಗೆ ಕಿಟಕಿಯೂ ಉಂಟು. ಕಿತ್ತ ಕಿಟಕಿಯನ್ನು ಮತ್ತೆ ತರಲಾಗುವುದಿಲ್ಲ. ಸರಿಪಡಿಸಿದ ಕಿಟಕಿಯನ್ನು ಬೇಡವೆನಿಸಿದರೆ ನಾಳೆಯೂ ಕೀಳಬಹುದು. ಅನುಮಾನವಿದ್ದಲ್ಲಿ ಮೊದಲು ಸರಿಪಡಿಸಿ ನೋಡುವುದು ಜಾಣತನ.