ಬಂದವರೂ ನಾವೂ
(ಕಳಸಾಪುರದಲ್ಲಿ ಕೂಡಿದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಭೆಯಲ್ಲಿ ಕನ್ನಡದ ಹಿರಿಮೆಯನ್ನು ಕೊಂಡಾಡುವದು ಸುಲಭ. ಅದನ್ನು ಕೇಳಿ ತಲೆದೂಗಿ ಮನೆಗೆ ತೆರಳುವದು ಇನ್ನೂ ಸುಲಭ. ನಾನಾದರೋ ತುಸು ಕಠಿನವಾದ ಪ್ರಶ್ನೆಯೊಂದನ್ನು ತಮ್ಮ ಮುಂದಿಡುವವನಿದ್ದೇನೆ. ಪರನಾಡಿನಿಂದ ಬಂದು ನಮ್ಮಲ್ಲಿ ನೆಲೆಸಿದವರು ತಮ್ಮ ನುಡಿ-ನಡೆಗಳನ್ನು ತೊರೆದು ನಮ್ಮೊಳಗೆ ಕರಗಿಹೋಗಬೇಕೋ? ಅಥವಾ ನಮ್ಮ ನಡುವೆ ಬಾಳುತ್ತಿದ್ದೂ ನಮ್ಮ ಮಾತನ್ನರಿಯದೆ ಬೇರೆಯಾಗಿಯೇ ಉಳಿಯಬೇಕೋ?

ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ನೆರೆಯ ಶಿರಹಟ್ಟಿ ಒಂದು ಕಾಲಕ್ಕೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದಿತು. ಅಲ್ಲಿಗೆ ಬಂದು ನೆಲೆಸಿದ ವೈದಿಕ ಮನೆತನವೊಂದರ ಮನೆಮಾತು ಮರಾಠಿ. ಆ ಮನೆತನದ ಕುಡಿಯೇ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು. ಅವರು ಮರಾಠಿಯನ್ನು ಬಿಡಲಿಲ್ಲ. ಅದರಲ್ಲಿಯೂ ಗ್ರಂಥರಚನೆ ಮಾಡಿದರು. ಆದರೆ 1973ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂದುದು ಕನ್ನಡದ 'ನಾಕುತಂತಿ'ಗಾಗಿ. ಮಾಸ್ತಿಯವರ ಮನೆಮಾತು ತಮಿಳು. ಗಿರೀಶ ಕಾರ್ನಾಡರದು ಕೊಂಕಣಿ. ಮೊದಲು ಮನೆಮಾತನ್ನು ಅಳಿಸಿಕೊಂಡು ಬನ್ನಿರೆಂದು ಕನ್ನಡವು ಇವರನ್ನು ಬಾಗಿಲಲ್ಲಿ ನಿಲ್ಲಿಸಿದ್ದರೆ ಹಾನಿ ಯಾರಿಗಾಗುತ್ತಿತ್ತು?

ಸೊಸೆಯಾಗಿ ಬಂದವಳು ಆ ಮನೆಯ ರೀತಿ-ರಿವಾಜುಗಳನ್ನು ಕಲಿಯುತ್ತಾಳೆ, ಕಲಿಯಲೇಬೇಕು. ಆದರೆ ತವರನ್ನು ಮರೆಯೆಂದು ಯಾವ ಬುದ್ಧಿವಂತ ಅತ್ತೆಯೂ ಹೇಳುವದಿಲ್ಲ. ತವರಿನ ಹಾಡನ್ನು ಅವಳು ಈ ಮನೆಯ ತೊಟ್ಟಿಲಿಗೂ ಹಾಡುತ್ತಾಳೆ. ನಾಡಿಗೂ ಇದೇ ನ್ಯಾಯ.

ಇನ್ನು ನಮ್ಮ ಜಿಲ್ಲೆಯ ತಾಂಡಾಗಳನ್ನು ನೋಡಿರಿ. ಲಂಬಾಣಿಗಳು ಎತ್ತುಗಳ ಮೇಲೆ ಧಾನ್ಯ-ಉಪ್ಪು ಹೇರಿಕೊಂಡು ದೇಶದೇಶ ಸಂಚರಿಸಿದವರು. ರಸ್ತೆ-ರೈಲುಗಳು ಬಂದು ಆ ವ್ಯಾಪಾರ ಮುರಿದ ತರುವಾಯ ನೆಲೆನಿಂತು ಒಕ್ಕಲುತನ-ಕೂಲಿಗಳನ್ನು ಹಿಡಿದರು. ಸಂತೆಯಲ್ಲಿ ಕನ್ನಡವನ್ನಾಡುತ್ತಾರೆ, ಮನೆಯಲ್ಲಿ ಗೋರಬೋಲಿಯನ್ನಾಡುತ್ತಾರೆ. ಆ ತಾಂಡಾದ ಆರು ವರ್ಷದ ಕೂಸು ಶಾಲೆಗೆ ಬಂದ ಮೊದಲ ದಿನ ಗುರುಗಳ ಮಾತು ತಿಳಿಯದೆ ಸುಮ್ಮನೆ ಕುಳಿತರೆ, ಅದನ್ನು ದಡ್ಡತನವೆಂದು ಎಣಿಸುವವರಿದ್ದಾರೆ. ಅದರ ಉಚ್ಚಾರಕ್ಕೆ ವರ್ಗವೆಲ್ಲ ನಕ್ಕರೆ ಆ ಕೂಸು ಶಾಲೆಯನ್ನೇ ಬಿಟ್ಟೀತು. ಶಾಲೆಯೊಡನೆ ಕನ್ನಡವನ್ನೂ ಬಿಟ್ಟೀತು. ಇಲ್ಲಿ ಕುಳಿತಿರುವ ಶಿಕ್ಷಕ ಬಂಧುಗಳೇ, ಕೆಲವು ವಾರಗಳ ಮಟ್ಟಿಗಾದರೂ ಆ ಕೂಸಿನ ನುಡಿಯ ನಾಲ್ಕು ಮಾತುಗಳನ್ನು ಕಲಿತುಕೊಂಡು ಕೈಹಿಡಿದು ಕನ್ನಡಕ್ಕೆ ಕರೆತನ್ನಿರಿ. ಕನ್ನಡವನ್ನು ಬೆಳೆಸುವ ಕೆಲಸವು ಹತ್ತು ಭಾಷಣಗಳಿಗಿಂತ ಇದರಿಂದ ಹೆಚ್ಚಾಗುವದು.

"ನಾವೇ ಏಕೆ ಇಷ್ಟು ಉದಾರರಾಗಬೇಕು?" ಎಂದು ಕೇಳುವವರಿಗೆ ನಾನು ಗೋವೆಯನ್ನು ತೋರಿಸುತ್ತೇನೆ. ಮಳೆ ಕೈಕೊಟ್ಟ ವರ್ಷ ಈ ಭಾಗದ ಎಷ್ಟು ಮನೆಗಳಿಗೆ ಬೀಗ ಬೀಳುತ್ತದೆಂಬುದು ತಮಗೆ ತಿಳಿದದ್ದೇ. ಗುಳೆ ಹೋದ ನಮ್ಮವರು ಅಲ್ಲಿ ರಸ್ತೆ ಹಾಕುತ್ತಾರೆ, ಮನೆ ಕಟ್ಟುತ್ತಾರೆ. ಅವರನ್ನು 'ಘಾಟಿ'ಗಳೆಂದು ಹೀಗಳೆಯುವದೂ ಉಂಟು. ಅದನ್ನು ಕೇಳಿ ನಮ್ಮ ರಕ್ತ ಕುದಿಯುತ್ತದೆ. ಅವರ ಮಕ್ಕಳಿಗೆ ಅಲ್ಲಿ ಕನ್ನಡ ಶಾಲೆ ಬೇಕೆಂದು ನಾವು ಕೇಳುತ್ತೇವೆ, ನ್ಯಾಯವಾಗಿಯೇ ಕೇಳುತ್ತೇವೆ. 1956ರಲ್ಲಿ ಇದ್ದಲ್ಲೇ ಇದ್ದು ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡಿಗರಿಗಾಗಿಯೂ ಕೇಳುತ್ತೇವೆ. ಹೊರಗೆ ನಮ್ಮವರಿಗೆ ಬೇಡುವದನ್ನು ಒಳಗೆ ಬಂದವರಿಗೆ ನಿರಾಕರಿಸಿದರೆ ನಮ್ಮ ಬೇಡಿಕೆಗೆ ಬಲವೆಲ್ಲಿಯದು?

ಹಾಗೆಂದು ನಾಡನುಡಿಯನ್ನೇ ಸಡಿಲ ಬಿಡಬೇಕೆಂದು ನನ್ನ ಅಭಿಪ್ರಾಯವಲ್ಲ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಬಾಳಿಯೂ ಒಂದು ಕನ್ನಡ ವಾಕ್ಯವನ್ನಾಡದೆ, ಆಡಬೇಕಾದ ಅಗತ್ಯವೇನೆಂದು ಕೇಳುವವನು ಉಂಡ ಮನೆಯ ಹೆಸರನ್ನೂ ಕೇಳದ ಅತಿಥಿ. ಶಾಲೆಗಳಲ್ಲಿ ಕನ್ನಡವನ್ನು ಕಲಿಸಲೇಬೇಕೆಂಬ 2015ರ ಕಾಯದೆಯೂ, ನಾಮಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂಬ 2024ರ ತಿದ್ದುಪಡಿಯೂ ಯೋಗ್ಯವಾದವೇ. ಧಾರವಾಡದ ಸರೋಜಿನಿ ಮಹಿಷಿಯವರ ಸಮಿತಿಯು 1986ರಲ್ಲಿ ಒಪ್ಪಿಸಿದ ವರದಿಯು ಕನ್ನಡಿಗನನ್ನು ಗುರುತಿಸಲು ಎರಡು ಮಾತು ಕೇಳಿತು: 15 ವರ್ಷ ಇಲ್ಲಿ ನೆಲೆಸಿರುವನೇ? ಕನ್ನಡವನ್ನು ಬಲ್ಲನೇ? ಮನೆಯಲ್ಲಿ ಯಾವ ಮಾತೆಂದು ಕೇಳಲಿಲ್ಲ. ಇದಕ್ಕಿಂತ ವಿವೇಕದ ಅಳತೆಯನ್ನು ನಾನು ಕಾಣೆ.

ಬಂಧುಗಳೇ, ಬೀದಿ, ಕಚೇರಿ, ಶಾಲೆಗಳಲ್ಲಿ ಕನ್ನಡ; ಒಲೆಯ ಮುಂದೆ ಅವರವರ ತಾಯಿನುಡಿ. ಇದು ನಮ್ಮ ನಿಯಮವಾಗಲಿ. ಮುಂಬಯಿ ಪ್ರಾಂತ, ನಿಜಾಮನ ಸೀಮೆ, ಮೈಸೂರು, ಮದರಾಸು, ಕೊಡಗು ಎಂದು ಹರಿದು ಹಂಚಿಹೋಗಿದ್ದ ನಾಡನ್ನು ನಮ್ಮ ಹಿರಿಯರು ಒಂದುಗೂಡಿಸಿದರು. ಆ ನಾಡಿನ ಒಳಗಿರುವ ಜನರನ್ನು ಒಂದುಗೂಡಿಸುವ ಕೆಲಸ ನಮ್ಮ ಪಾಲಿಗೆ ಉಳಿದಿದೆ. ನಾಳೆ ಬೆಳಿಗ್ಗೆ ಶಾಲೆಯ ಗಂಟೆ ಬಾರಿಸಿದಾಗ, ತಾಂಡಾದಿಂದ ಬಂದ ಕೂಸು ಹಿಂದಿನ ಸಾಲಿನಲ್ಲಿ ಮೂಕವಾಗಿ ಕುಳಿತಿದ್ದರೆ, ಅದನ್ನು ಮುಂದಿನ ಸಾಲಿಗೆ ಕರೆಯಿರಿ. ಅಲ್ಲಿಂದ ಆರಂಭವಾಗಲಿ.