ಹಾರಿದ ದೇಶ, ಹಾರಿಸುವ ದೇಶ



ಇವತ್ತು ನಾಸಿಕದಲ್ಲಿ, ನಾಳೆ ಛತ್ರಪತಿ ಸಂಭಾಜಿನಗರದಲ್ಲಿ ನಡೆಯಲಿರುವ ಈ ವಿಚಾರ ಸಂಕಿರಣದ ವಿಷಯ, ಮಾನವಸಹಿತ ಬಾಹ್ಯಾಕಾಶ ಯಾನದಲ್ಲಿ ರಾಷ್ಟ್ರಗಳ ಸಾಧನೆಯ ತುಲನೆ. ಈ ವಿಷಯಕ್ಕೂ ನಾಸಿಕಕ್ಕೂ ಹತ್ತಿರದ ನಂಟಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

1984ರ ಏಪ್ರಿಲ್ 3ರಂದು ಸೋವಿಯತ್ ಒಕ್ಕೂಟದ ಸೋಯುಜ್ ಟಿ-11 ನೌಕೆಯಲ್ಲಿ ಹಾರಿದ ರಾಕೇಶ್ ಶರ್ಮಾ, ಸಲ್ಯೂತ್-7 ನಿಲ್ದಾಣದಲ್ಲಿದ್ದು ಏಪ್ರಿಲ್ 11ರಂದು ಭೂಮಿಗೆ ಮರಳಿದರು. ಊರೂರಲ್ಲಿ ಸನ್ಮಾನಗಳಾದವು. ಆಮೇಲೆ? ವಾಯುಪಡೆಯಿಂದ ನಿವೃತ್ತರಾಗಿ 1987ರಲ್ಲಿ ಎಚ್‌ಎಎಲ್ ಸೇರಿದರು. 1992ರವರೆಗೆ ಇಲ್ಲೇ, ಓಝರ್‌ನಲ್ಲಿರುವ ನಾಸಿಕ ಘಟಕದಲ್ಲಿ ಮುಖ್ಯ ಪರೀಕ್ಷಾ ಪೈಲಟ್ ಆಗಿದ್ದರು. 1964ರಲ್ಲಿ ಮಿಗ್-21 ವಿಮಾನಗಳಿಗಾಗಿ ಹುಟ್ಟಿದ ಕಾರ್ಖಾನೆ ಅದು. ಹೊಸ ಯುದ್ಧವಿಮಾನ ಪಡೆ ಸೇರುವ ಮೊದಲು ಅದನ್ನು ಹಾರಿಸಿ ನೋಡುವುದು ಜೀವವನ್ನೇ ಪಣಕ್ಕಿಡುವ ಕೆಲಸ, ಗೌರವದ ಕೆಲಸ. ನನ್ನನ್ನು ಕಾಡುವ ಸಂಗತಿ ಬೇರೆ. ಎಂಟು ದಿನ ತೂಕವಿಲ್ಲದೆ ಬದುಕಿ ಬಂದ ಒಬ್ಬನೇ ಒಬ್ಬ ಭಾರತೀಯ ನಮ್ಮ ನಡುವೆಯೇ ಇದ್ದಾಗ, ಆ ಅನುಭವವನ್ನು ಸುರಿಯುವುದಕ್ಕೆ ನಮ್ಮಲ್ಲಿ ಒಂದು ಮಾನವ ನೌಕೆಯ ಯೋಜನೆ ಇರಲಿಲ್ಲ.

ತುಲನೆ ಎಂದಾಕ್ಷಣ ನಾವು 'ಮೊದಲಿಗರ' ಪಟ್ಟಿ ತೆಗೆಯುತ್ತೇವೆ. 1961ರಲ್ಲಿ ಗಗಾರಿನ್, 1963ರಲ್ಲಿ ತೆರೆಷ್ಕೋವಾ, 1965ರಲ್ಲಿ ನೌಕೆಯ ಹೊರಗೆ ತೇಲಿದ ಲಿಯೊನೊವ್, 1969ರಲ್ಲಿ ಚಂದ್ರನ ಮೇಲೆ ಆರ್ಮ್‌ಸ್ಟ್ರಾಂಗ್. ಈ ಪಟ್ಟಿ ಸುಳ್ಳಲ್ಲ, ಆದರೆ ಅರ್ಧ ಮಾತು. ಒಂದು ದೇಶದ ಮನುಷ್ಯ ಹಾರುವುದು ಬೇರೆ, ಆ ದೇಶ ಮನುಷ್ಯನನ್ನು ಹಾರಿಸುವುದು ಬೇರೆ. ಸೋವಿಯತ್ತರ ಇಂಟರ್‌ಕಾಸ್ಮಾಸ್ ಯೋಜನೆಯಲ್ಲಿ ಚೆಕೊಸ್ಲೊವಾಕಿಯಾ, ಪೋಲೆಂಡ್, ಹಂಗೆರಿ, ವಿಯೆಟ್ನಾಂ, ಕ್ಯೂಬಾ, ಮಂಗೋಲಿಯಾದವರು ನಮಗಿಂತ ಮೊದಲೇ ಹೋಗಿ ಬಂದಿದ್ದರು. ಸ್ವಂತ ರಾಕೆಟ್, ಸ್ವಂತ ನೌಕೆಯಲ್ಲಿ ಮನುಷ್ಯನನ್ನು ಕಕ್ಷೆಗೆ ಕಳಿಸಿದ ದೇಶಗಳು ಇಂದಿಗೂ ಮೂರೇ: ಸೋವಿಯತ್ ಒಕ್ಕೂಟ ಹಾಗೂ ಅದರ ವಾರಸುದಾರ ರಷ್ಯಾ, ಅಮೆರಿಕ, ಮತ್ತು 2003ರಿಂದ ಚೀನಾ.

2025ರ ಜೂನ್ 25ರಂದು ಹೊರಟ ಆಕ್ಸಿಯಂ-4ರ ತಂಡವನ್ನೇ ನೋಡಿ. ಅಮೆರಿಕದ ಪೆಗ್ಗಿ ವಿಟ್ಸನ್ ಜೊತೆ ಇದ್ದವರು ನಮ್ಮ ಶುಭಾಂಶು ಶುಕ್ಲಾ, ಒಬ್ಬ ಪೋಲಿಷ್, ಒಬ್ಬ ಹಂಗೆರಿಯನ್. ಪೋಲೆಂಡಿನ ಮೊದಲಿಗ 1978ರಲ್ಲಿ, ಹಂಗೆರಿಯವನು 1980ರಲ್ಲಿ, ನಮ್ಮವರು 1984ರಲ್ಲಿ ಹಾರಿದ್ದು ಸೋಯುಜ್‌ನಲ್ಲಿ. ನಾಲ್ಕು ದಶಕ ಕಳೆದ ಮೇಲೆ ಮೂರೂ ದೇಶಗಳು ಒಟ್ಟಿಗೆ, ಮತ್ತೆ ಬೇರೆಯವರ ನೌಕೆಯಲ್ಲಿ. ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತೆ ಮೊಳಕೆಯೊಡೆಸಿದ್ದು ನನಗೆ ಹೆಮ್ಮೆ. ಆ ಹೆಮ್ಮೆ ಈ ಸತ್ಯವನ್ನು ಮರೆಸಬಾರದು.

ಹಾಗಾದರೆ ಅಳೆಯುವುದು ಯಾವುದರಿಂದ? ಕಲಿತದ್ದು ಕೈತಪ್ಪದಂತೆ ಉಳಿಸಿಕೊಳ್ಳುವುದರಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಚೀನಾ 1992ರಲ್ಲಿ ತನ್ನ ಮಾನವ ಯಾನ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2003ರಲ್ಲಿ ಯಾಂಗ್ ಲಿವೇ ಹಾರಿದರು. ಈಗ ತ್ಯಾಂಗಾಂಗ್ ನಿಲ್ದಾಣದಲ್ಲಿ 2022ರಿಂದ ಸತತವಾಗಿ ಜನ ಇದ್ದಾರೆ. ಚಂದ್ರನ ಮೇಲೆ ಹನ್ನೆರಡು ಮಂದಿಯನ್ನು ಇಳಿಸಿದ ಅಮೆರಿಕವೇ, ಶಟಲ್ ನಿಂತ 2011ರಿಂದ 2020ರವರೆಗೆ ತನ್ನವರನ್ನು ಕಳಿಸಲು ಸೋಯುಜ್‌ನಲ್ಲಿ ಆಸನ ಕೊಂಡಿತು. ಹಳೆಯ ಗೆಲುವು ಹೊಸ ನೌಕೆಯಾಗುವುದಿಲ್ಲ.

ಕಲಿತದ್ದನ್ನು ಉಳಿಸಿಕೊಳ್ಳುವುದಕ್ಕೆ ಹತ್ತಿರದಲ್ಲೇ ಒಂದು ಹಳೆಯ ಉದಾಹರಣೆಯಿದೆ. ನಾಳೆ ಸಂಭಾಜಿನಗರಕ್ಕೆ ಹೋಗುತ್ತೀರಿ. ಆ ಜಿಲ್ಲೆಯ ಕನ್ನಡ ತಾಲ್ಲೂಕು ದಾಟಿ ಘಟ್ಟ ಇಳಿದರೆ ಚಾಳೀಸಗಾಂವ್ ಬಳಿ ಪಾಟಣ ಸಿಗುತ್ತದೆ. ಗಣಿತಜ್ಞ ಭಾಸ್ಕರಾಚಾರ್ಯರ ಕೃತಿಗಳ ಅಧ್ಯಯನಕ್ಕೆಂದೇ ಅವರ ಮೊಮ್ಮಗ ಚಾಂಗದೇವ ಅಲ್ಲಿ ಮಠ ಸ್ಥಾಪಿಸಿದನೆಂದು 13ನೆಯ ಶತಮಾನದ ಆರಂಭದ ಶಾಸನ ಹೇಳುತ್ತದೆ. ಚಾಂಗದೇವ ದೇವಗಿರಿಯ ದೊರೆ ಸಿಂಘಣನ ಆಸ್ಥಾನ ಜ್ಯೋತಿಷಿ. ಭಾಸ್ಕರ ವಿಜಯಪುರದವರೋ ಪಾಟಣದವರೋ ಎಂಬ ನಮ್ಮ ಹಳೆಯ ಜಗಳ ಇವತ್ತು ಬೇಡ. ಒಬ್ಬರ ವಿದ್ಯೆ ಅವರೊಂದಿಗೇ ಮುಗಿಯಬಾರದೆಂದು ಒಂದು ಸಂಸ್ಥೆ ಕಟ್ಟಿದ್ದರಲ್ಲ, ಅದು ನನಗೆ ಮುಖ್ಯ.

ನಮ್ಮದೇ ಮಾನವ ಯಾನ ಯೋಜನೆಯಾದ ಗಗನಯಾನವನ್ನೂ ನಾನು ಇದೇ ಕಣ್ಣಿನಿಂದ ನೋಡುತ್ತೇನೆ. 2018ರಲ್ಲಿ ಘೋಷಣೆಯಾಯಿತು. 2019ರಲ್ಲಿ ಬೆಂಗಳೂರಿನಲ್ಲಿ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಬಂತು. 2023ರ ಅಕ್ಟೋಬರ್ 21ರಂದು ಅಪಾಯದಲ್ಲಿ ಸಿಬ್ಬಂದಿಯನ್ನು ಪಾರುಮಾಡುವ ವ್ಯವಸ್ಥೆಯ ಹಾರಾಟ ಪರೀಕ್ಷೆ ಯಶಸ್ವಿಯಾಯಿತು. ನೌಕೆಯೊಳಗೆ ಉಸಿರಾಟಕ್ಕೆ ಬೇಕಾದ ವ್ಯವಸ್ಥೆಯನ್ನು ಹೊರದೇಶಗಳು ಕೊಡಲಿಲ್ಲ, ನಾವೇ ಮಾಡುತ್ತೇವೆ ಎಂದು ಅಂದಿನ ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ ಹೇಳಿದ್ದರು. ತಡವಾಗುತ್ತಿದೆ ಎಂದು ಗೊಣಗುವವರು ಕೊಲಂಬಿಯಾ ಶಟಲ್ ದುರಂತದಲ್ಲಿ ಕಲ್ಪನಾ ಚಾವ್ಲಾ ಮತ್ತು ಆರು ಮಂದಿ ಸಂಗಾತಿಗಳಿಗೆ ಆದದ್ದನ್ನು ನೆನೆಯಬೇಕು. ಅವಸರದಲ್ಲಿ ಗೆದ್ದ ಎರಡು ತಿಂಗಳಿಗೆ ಬೆಲೆಯಿಲ್ಲ.

ಪ್ರಬಂಧಕಾರರಲ್ಲಿ ನನ್ನ ವಿನಂತಿ ಇಷ್ಟು. ಯಾರು ಎಷ್ಟು ಸಲ ಹಾರಿದರು ಎಂಬ ಕೋಷ್ಟಕಕ್ಕೆ ಒಂದೇ ಪುಟ ಸಾಕು. ಉಳಿದ ಪುಟಗಳಲ್ಲಿ ಯಾವ ದೇಶ ತನ್ನ ಸೋಲುಗಳನ್ನು ಹೇಗೆ ದಾಖಲಿಸಿತು, ಹಾರಿ ಬಂದವರನ್ನು ಎಲ್ಲಿ ಕೂರಿಸಿತು, ಕೆಲಸಗಾರರಿಗೆ ಮುಂದಿನ ಕೆಲಸ ಕೊಟ್ಟಿತೇ ಎಂಬುದನ್ನು ಬರೆಯಿರಿ. ಅದನ್ನು ಕನ್ನಡದಲ್ಲೇ ಬರೆಯಿರಿ. ಓಝರ್‌ನಲ್ಲೂ ಬೆಂಗಳೂರಿನಲ್ಲೂ ದುಡಿದ ನಮ್ಮ ತಂತ್ರಜ್ಞರನ್ನು ಮಾತಾಡಿಸಿ, ಅವರು ಕಂಡದ್ದನ್ನೂ ಅದರೊಳಗೆ ಸೇರಿಸಿ.